ಕೈಗೆಟುಕಿದಷ್ಟು

ತೆಂಗಿನ ಗರಿ ಎಷ್ಟು ಬೇಕಾಗುತ್ತದೆ ಎಂದು ತಮ್ಮ ಪ್ರದೀಪ್ ಫೋನಿನಲ್ಲಿ ಕೇಳಿದಾಗ ಶಿವಲಕ್ಷ್ಮಿ ಎಂಟನೇ ತರಗತಿಯ ಹುಡುಗಿಯರಿಗೆ ಪ್ಯಾಡ್ ಹಂಚುತ್ತಿದ್ದಳು.

'ಯಾವ ಗರಿ?'

'ಗುಡ್ಲಿಗೆ ಕಣಕ್ಕ. ಸೋದ್ರಮಾವ ನಾನ್ ತಾನೆ ಕಟ್ಬೇಕು? ಸಂಜೆ ಆರ್ತಿ ಅಂತ ಭಾವ ಏಳಿದ್ರು. ನಿಂಗೊತ್ತಿಲ್ವಾ?'

'ಗೊತ್ತು,' ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಎದುರಿಗೆ ಹುಡುಗಿಯರಿದ್ದರು, ಅಷ್ಟೆ.

ಫೋನು ಬ್ಯಾಗಿಗೆ ಹಾಕಿ ಪಾಠ ಮುಗಿಸಿದಳು. ಇದು ಸಹಜವಾದದ್ದು, ನಾಚಿಕೊಳ್ಳುವಂಥದ್ದೇನೂ ಇಲ್ಲ, ಮೈನೆರೆದ ಹುಡುಗಿಯನ್ನು ಗುಡಿಸಲಲ್ಲಿ ಕೂರಿಸಿ ಊರಿಗೆಲ್ಲ ತೋರಿಸುವ ಅಗತ್ಯವಿಲ್ಲ. ವರ್ಷ ವರ್ಷವೂ ಹೇಳುವ ಮಾತು, ಬಾಯಿ ತಾನೇ ಹೇಳಿಕೊಂಡು ಹೋಯಿತು. ಹುಡುಗಿಯರು ತಲೆ ತಗ್ಗಿಸಿ ಪ್ಯಾಡುಗಳನ್ನು ಪುಸ್ತಕದ ಮಧ್ಯೆ ತುರುಕಿಕೊಂಡರು.

ಮೈತ್ರಿ ಭಾನುವಾರ ಬಚ್ಚಲಿನ ಬಾಗಿಲು ಅರ್ಧ ತೆರೆದು ಅಮ್ಮನನ್ನು ಮಾತ್ರ ಕರೆದಿದ್ದಳು. ಇನ್ನೂ ಏಳನೇ ಕ್ಲಾಸು. ಅಳಲಿಲ್ಲ. 'ಯಾರಿಗೂ ಹೇಳ್ಬೇಡಮ್ಮ. ಕ್ಲಾಸಲ್ಲಿ ಗೊತ್ತಾದ್ರೆ ನಾನ್ ಸ್ಕೂಲಿಗೆ ಹೋಗಲ್ಲ' ಎಂದಳು. ಶಿವಲಕ್ಷ್ಮಿ ಮಗಳ ತಲೆ ಮುಟ್ಟಿ ಮಾತು ಕೊಟ್ಟಳು. ರಾತ್ರಿ ಅನ್ನ ಬಡಿಸುತ್ತಾ ಗಂಡನಿಗೆ ಹೇಳಿದಳು. ಗಂಡನಿಗೆ ಹೇಳುವುದೂ ಹೇಳುವುದೇ ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಇವತ್ತು ಬೆಳಿಗ್ಗೆ ಅತ್ತೆ, 'ಕೂಸ್ಗೆ ವಟ್ಟೆನೋವು, ಮನೇಲಿರ್ಲಿ ಬುಡವ್ವ' ಎಂದಿದ್ದರು. ಒಂದು ಟಿಫನ್ ಬಾಕ್ಸು ಕಡಿಮೆಯಾಯಿತೆಂದು ಖುಷಿಯಾಗಿ ಬಸ್ಸು ಹತ್ತಿದ್ದಳು.

ಗಂಡ ಶಿವಸ್ವಾಮಿ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತ. ಫೋನು ಮಾಡಿದರೆ ಕಟ್ ಮಾಡಿದ. ಮತ್ತೆ ಮಾಡಿದಳು. 'ಮೀಟಿಂಗ್' ಎಂದು ಮೆಸೇಜು ಬಂತು, ಪಕ್ಕದಲ್ಲಿ ಕೈಮುಗಿದ ಚಿತ್ರ.

ಅರ್ಧ ದಿನದ ರಜೆ ಕೇಳಿದಾಗ ಹೆಡ್‌ಮಾಸ್ಟರ್ ಗಂಗಾಧರಸ್ವಾಮಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

'ಇವತ್ತು ಬಂದಿದ್ದೇ ಆಶ್ಚರ್ಯ ಮೇಡಂ. ಮನೇಲಿ ಕಾರ್ಯ ಇಟ್ಕೊಂಡು.'

'ನಿಮಗೆ ಯಾರು ಹೇಳಿದ್ರು ಸಾರ್?'

'ನಿಮ್ಮ ಯಜಮಾನ್ರೇ ವಾಟ್ಸಾಪ್ ಹಾಕಿದ್ರು. ಸ್ಟಾಫಿನವರಿಗೆಲ್ಲ ಒಬ್ಬೊಬ್ಬರಿಗೇ ಬಂದಿದೆ. ನೀವಾಗೇ ಕರೀತೀರಿ ಅಂತ ಸುಮ್ಮನಿದ್ವಿ.'

ಸ್ಟಾಫ್ ರೂಮಿನಲ್ಲಿ ಬ್ಯಾಗು ತೆಗೆದುಕೊಳ್ಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಡ್ರಿಲ್ ಮಾಸ್ಟರಿಗೆ ಗೊತ್ತು, ಗಣಿತದವನಿಗೆ ಗೊತ್ತು. ತನ್ನ ಮಗಳ ಮೈಯ ಸಮಾಚಾರ ಈ ಗಂಡಸರ ಫೋನುಗಳಲ್ಲಿ ಸುತ್ತಿ ಕೊನೆಗೆ ತನಗೆ ತಲುಪಿದೆ. ಅದೂ ಗರಿಯ ಲೆಕ್ಕವಾಗಿ.

ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ಮೂಗಮ್ಮ. ಶಾಲೆಯ ಊರಿನವಳೇ, ಅರಿಸಿನದ ಕೆಲಸಕ್ಕೆ ಹೋಗುವವಳು. ಹಿಂದೊಮ್ಮೆ ಅವಳ ದೊಡ್ಡ ಮಗಳು ಶಾಲೆ ಬಿಟ್ಟು ಗುಡ್ಲಿನಲ್ಲಿ ಕೂತಿದ್ದಾಗ ಶಿವಲಕ್ಷ್ಮಿಯೇ ಮನೆಗೆ ಹೋಗಿ, ಬೀದಿಗೆ ಕೇಳುವಂತೆ ಬೈದು, ಹುಡುಗಿಯನ್ನು ಕೈಹಿಡಿದು ಕರೆತಂದಿದ್ದಳು.

'ಮಗ್ಳು ದೊಡ್ಡೋಳಾದ್ಲಂತಲ್ಲ ಮೇಡಂ. ನಿಮ್ ತಮ್ಮ ನಮ್ ಗೌಡ್ರ ತೋಟ್ದಲ್ಲೇ ಗರಿ ಕಡುಸ್ದ.'

'ಹೂಂ.'

'ಅವತ್ತು ನೀವ್ ಬೋದ್ರಿ ಅಂತ ನಾವು ಗುಡ್ಲ ಕಿತ್ತಾಕ್ಬುಟ್ಟೊ. ನಮ್ಮತ್ತ ವರ್ಸಗಂಟ್ಲ ಮಾತಾಡ್ನಿಲ್ಲ ನಂಜೊತ.' ಮೂಗಮ್ಮನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. 'ಈಗ ಮಾಡ್ಬೋದಾ ಮೇಡಂ? ಅಂಗಾರ ಚಿಕ್ಕೋಳ್ಗ ಮಾಡ್ಬುಡ್ತೀನಿ.'

ಶಿವಲಕ್ಷ್ಮಿ ಕಿಟಕಿಯ ಕಡೆ ತಿರುಗಿದಳು. ತೆರಕಣಾಂಬಿಯಲ್ಲಿ ಯಾರೋ ಇಳಿದರು, ಯಾರೋ ಹತ್ತಿದರು. ಮಾಡಬೇಡ ಎನ್ನುವ ಒಂದು ಮಾತು ಹೇಳಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೇಳುವುದು? ಮೂಗಮ್ಮ ಸ್ವಲ್ಪ ಹೊತ್ತು ಕಾದು, ತೂಕಡಿಸತೊಡಗಿದಳು.

ಮನೆಯ ಮುಂದೆ ಶಾಮಿಯಾನ. ಬಾಡಿಗೆ ಕುರ್ಚಿಗಳು, ಬಿರಿಯಾನಿಯ ವಾಸನೆ. ಕಾರಿಲ್ಲದ ಕಾರ್‌ಶೆಡ್ಡಿನಲ್ಲಿ ಪ್ರದೀಪ್ ಹಸಿ ಗರಿಗಳ ಗುಡ್ಲು ಕಟ್ಟಿ ಮುಗಿಸಿದ್ದ. ಅದರೊಳಗೆ ಅರಿಸಿನ ಬಳಿದ ಮುಖ, ದೊಡ್ಡವರ ರೇಷ್ಮೆ ಸೀರೆ, ತಲೆಗಿಂತ ಭಾರದ ಮೊಗ್ಗಿನ ಜಡೆ. ಮೈತ್ರಿ ಎಂದು ಗುರುತಿಸಲು ಒಂದು ಗಳಿಗೆ ಬೇಕಾಯಿತು.

'ಬಂದ್ಯಾ? ಮೊಕ ತೊಳ್ಕೊಂಡು ಸೀರ ಬದಲಾಯ್ಸವ್ವ,' ಎಂದರು ಅತ್ತೆ ಚಿಕ್ಕನಿಂಗಮ್ಮ.

'ಯಾರನ್ನ ಕೇಳಿ ಮಾಡಿದ್ರಿ ಅತ್ತೆ?'

'ಇಸ್ಕೂಲ್ ಮಾತ ಇಸ್ಕೂಲಲ್ಲೆ ಮಡಿಕ. ನಾನು ದೊಡ್ಡೋಳಾದಾಗ ದನಿನ ಕೊಟ್ಟಿಗೇಲಿ ಕೂತಿದ್ದಿ, ನನ್ಗ ಒಂದ್ ಆರ್ತಿ ಎತ್ತಾಕ ಯಾರೂ ಬರ್ನಿಲ್ಲ. ನನ್ ಮೊಮ್ಮಗ್ಳು ಕತ್ಲಲ್ಲಿ ಯಾಕ್ ಕೂರ್ಬೇಕು?'

ಶಿವಲಕ್ಷ್ಮಿ ಬಗ್ಗಿ ಗುಡ್ಲಿನೊಳಗೆ ತಲೆ ಹಾಕಿದಳು.

'ಅಪ್ಪಂಗೆ ನೀನೇ ಹೇಳಿದ್ದಾ?' ಮಗಳು ಅವಳನ್ನು ನೋಡದೆ ಕೇಳಿದಳು.

'ಹೂಂ.'

'ಸರಿ.'

'ಎದ್ದು ಬಾ. ಹೋಗೋಣ.'

'ಎಲ್ಲಿಗೆ?'

ಶಿವಲಕ್ಷ್ಮಿ ಯೋಚಿಸಿದಳು. ಹಂಗಳದ ತವರಿಗೆ ಹೋಗೋಣವೆಂದರೆ, ಗುಡ್ಲು ಕಟ್ಟಿದ ತಮ್ಮನೇ ಅಲ್ಲಿಯವನು.

'ಇಲ್ಲಿ ಕೂತ್ಕೋತೀನಿ ಬಿಡಮ್ಮ. ಸ್ಕೂಲ್ ರೋಡಲ್ಲಿ ಫ್ಲೆಕ್ಸ್ ಕಟ್ಟಿದ್ದಾರಂತೆ, ನನ್ ಫೋಟೋ ಹಾಕಿ. ನಮ್ ಕ್ಲಾಸ್ನೋರ ಟ್ಯೂಷನ್ ಬಿಡೋದ್ರೊಳ್ಗೆ ಅದನ್ನ ತೆಗಿಸು. ಅದೊಂದು ಮಾಡು.'

ಗಂಡ ಹೊಸ ಬಿಳಿ ಅಂಗಿಯಲ್ಲಿ ಬಾಗಿಲ ಹತ್ತಿರ ನಿಂತು ಬಂದವರಿಗೆ ಕೈಮುಗಿಯುತ್ತಿದ್ದ.

'ಫ್ಲೆಕ್ಸ್ ತೆಗೆಸಿ.'

'ನಾಳೆ ತೆಗೆಸೋಣ.'

'ಈಗ.'

'ಮೆತ್ತಗೆ ಮಾತಾಡು.' ಅವನು ಕಣ್ಣಿನಲ್ಲೇ ಒಳಗೆ ತೋರಿಸಿದ. ಎದುರುಮನೆಯ ಶಾಂತಮಲ್ಲಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದರು. 'ನಾವು ಈ ಬೀದಿಗೆ ಬಂದು ಇಷ್ಟು ವರ್ಷ ಆಯ್ತು, ಒಂದು ದಿನ ಅವರು ನಮ್ಮ ಹೊಸ್ತಿಲು ತುಳಿದಿದ್ರಾ? ಇವತ್ತು ಬಂದಿದ್ದಾರೆ. ನಮ್ಮನೆ ಲೋಟದಲ್ಲಿ ಜ್ಯೂಸ್ ಕುಡಿದ್ರು.'

'ಅವರು ಜ್ಯೂಸ್ ಕುಡೀಲಿ ಅಂತ ನನ್ನ ಮಗಳನ್ನ ಕಂಬಕ್ಕೆ ಕಟ್ಟಿದ್ರಾ?'

'ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ,' ಎಂದ ಶಿವಸ್ವಾಮಿ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಮದುವೆಯ ದಿನವೂ ಅವನನ್ನು ಅಷ್ಟು ಸಂತೋಷದಲ್ಲಿ ಅವಳು ಕಂಡಿರಲಿಲ್ಲ. ಇದೇ ಅವಳಿಗೆ ಸಹಿಸಲಾಗಲಿಲ್ಲ. ಇವನೊಬ್ಬ ದುಷ್ಟನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

'ಆರ್ತಿ ಎತ್ತು ಬಾವ್ವ, ಮೊದ್ಲು ತಾಯಿ ಎತ್ಬೇಕು,' ಅತ್ತೆ ಕೂಗಿದರು.

ಅವಳು ತಿರುಗಿ ನಡೆದಳು. ಶಾಲೆಯ ಸೀರೆ, ಹೆಗಲಲ್ಲಿ ಬ್ಯಾಗು. ಹಿಂದೆ ಯಾರೋ ಕರೆದರು, ಯಾರೋ ನಕ್ಕು ಏನೋ ಸಮಜಾಯಿಷಿ ಹೇಳಿದರು.

ರಸ್ತೆಯ ತಿರುವಿನಲ್ಲಿ ಎರಡು ಕಂಬಗಳ ನಡುವೆ ಫ್ಲೆಕ್ಸು ಬಿಗಿದಿತ್ತು. ಶಾಲೆಯ ಆನಿವರ್ಸರಿಯಲ್ಲಿ ಕುಣಿದ ದಿನದ ಮೈತ್ರಿ, ಆಳೆತ್ತರ, ಹಿಂದೆ ಜಲಪಾತ, ಎರಡೂ ಬದಿಯಲ್ಲಿ ನವಿಲು. ಮೇಲೆ ಕೆಂಪಕ್ಷರದಲ್ಲಿ 'ಪುಷ್ಪವತಿ ಆರತಿ ಸಮಾರಂಭ'. ಕೆಳಗೆ ಸುಖಾಗಮನ ಬಯಸುವವರ ಸಾಲು: ಗಂಡ, ಅತ್ತೆ, ತಮ್ಮ. ಕೊನೆಯಲ್ಲಿ ಅವಳೇ. 'ಶ್ರೀಮತಿ ಶಿವಲಕ್ಷ್ಮಿ, ಎಂ.ಎ., ಬಿ.ಎಡ್., ಶಿಕ್ಷಕಿ'. ಉತ್ತಮ ಶಿಕ್ಷಕಿ ಪ್ರಶಸ್ತಿಗೆ ತೆಗೆಸಿದ್ದ ಫೋಟೋ. ಹಲ್ಲು ಕಾಣುವಂತೆ ನಗುತ್ತಿದ್ದಳು.

ಹಗ್ಗದ ಗಂಟುಗಳು ಕಂಬದ ಮೇಲೆ, ಏಣಿಯಿಲ್ಲದೆ ಆಗುವ ಕೆಲಸವಲ್ಲ. ಟೀ ಅಂಗಡಿಯವನನ್ನು ಏಣಿ ಕೇಳಿದಳು.

'ಯಾಕ್ ಮೇಡಂ? ಚೆನ್ನಾಗ್ ಬಂದದ ಬುಡಿ ಫೋಟೋ.'

ಚಪ್ಪಲಿ ಬಿಟ್ಟು ತುದಿಗಾಲಲ್ಲಿ ನಿಂತು ಕೆಳ ಅಂಚು ಹಿಡಿದು ಜಗ್ಗಿದಳು. ಕಂಬಗಳು ಅಲುಗಲಿಲ್ಲ. ಮನೆಯ ಬೀಗದ ಕೈ ಚುಚ್ಚಿ ಎಳೆದಳು. ಮೂಲೆಯಿಂದ ಒಂದು ಸೀಳು ಬಿಟ್ಟಿತು, ಜೋತುಬಿದ್ದು ಎಳೆದಾಗ ಒಂದು ತುಂಡು ಕೈಗೆ ಬಂತು. ಮತ್ತೆ ಹಾರಿದಳು, ಕೈಗೆ ಏನೂ ಸಿಗಲಿಲ್ಲ. ಆಗಲೇ ಟ್ಯೂಷನ್ ಬಿಟ್ಟಿತ್ತು. ಮೈತ್ರಿಯ ಶಾಲೆಯ ಯೂನಿಫಾರಂ ತೊಟ್ಟ ಹುಡುಗರು ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಕೆಂಪಕ್ಷರಗಳನ್ನು ಗಟ್ಟಿಯಾಗಿ ಓದಿದರು. ಓದು ಸ್ಪಷ್ಟವಾಗಿತ್ತು. ಯಾರೋ ಮೇಷ್ಟ್ರು ಚೆನ್ನಾಗಿಯೇ ಕಲಿಸಿದ್ದರು. ಆಮೇಲೆ ಒಬ್ಬ ಫೋನು ಎತ್ತಿ ಹಿಡಿದ.

ಶಿವಲಕ್ಷ್ಮಿ ಕೈಯಲ್ಲಿದ್ದುದನ್ನು ನೋಡಿದಳು. ತನ್ನ ಮುಖವೊಂದೇ ಹರಿದು ಬಂದಿತ್ತು. ಮುದುರಿದಷ್ಟೂ ಬಿಚ್ಚಿಕೊಂಡು ನಗುತ್ತಿತ್ತು. ಮೇಲೆ ಎರಡು ಕಂಬಗಳ ನಡುವೆ ಮೈತ್ರಿ ಹಾಗೇ ಇದ್ದಳು.