ದೊಡ್ಡಪ್ಪ ಗುಡ್ಡ ಹತ್ತಿದ್ದು

ನಾವು ಮಾಡಿದ ಕೆಲಸವನ್ನು ನಾನೇ ಹೊಗಳಿಕೊಳ್ಳುತ್ತೇನೆ. ಬೇರೆಯವರು ಹೊಗಳಲಿ ಎಂದು ಕಾಯುವಷ್ಟು ತಾಳ್ಮೆ ನನಗಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಮತ್ತು ನನ್ನ ತಂಗಿ ಸೇರಿ ಅಮ್ಮನ ಹಳೆಯ ಮೋಟಾರ್ ಸೈಕಲ್ಲಿಗೆ ಮತ್ತೆ ಜೀವ ತಂದೆವು. ಈಗ ಅದನ್ನು ಕಂಡವರು ಇನ್ನೊಮ್ಮೆ ತಿರುಗಿ ನೋಡದೆ ಹೋಗುವುದಿಲ್ಲ. ಹಾಗೆ ಹೋಗುವವರಿದ್ದರೆ ಅವರ ಕಣ್ಣು ಪರೀಕ್ಷೆ ಮಾಡಿಸಬೇಕು.

ಅಮ್ಮನದು ಎಂದೆ. ಹೌದು, ಅಮ್ಮನದೇ. ಓಡಿಸುತ್ತಿದ್ದವಳು ಅಮ್ಮ, ಹಿಂದೆ ಕೂತು ನಕ್ಷೆ ಹಿಡಿದು ದಾರಿ ಹೇಳುತ್ತಿದ್ದವರು ಅಪ್ಪ. ದಿನಗಟ್ಟಲೆ ದೂರ ಹೋಗಲೆಂದೇ ಮಾಡಿದ ಗಾಡಿ ಅದು. ಅಗಲವಾದ ಸೀಟು, ಎದುರಿಗೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಪಕ್ಕಕ್ಕೆ ಸಾಮಾನಿನ ಪೆಟ್ಟಿಗೆ, ನಡುವೆ ಉಂಡು ಮಲಗಿದವರ ಹೊಟ್ಟೆಯಂಥ ಪೆಟ್ರೋಲ್ ಟ್ಯಾಂಕು. ನಾವು ಹುಟ್ಟುವ ಮೊದಲೇ ಮನೆಗೆ ಬಂದದ್ದು, ಮೇಲೆ ಆ ಹೊಟ್ಟೆ ಬೇರೆ. ಹಾಗಾಗಿ ಚಿಕ್ಕಂದಿನಿಂದ ನಾವಿಬ್ಬರೂ ಅದನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆವು. ಈಗಲೂ ದೊಡ್ಡಪ್ಪನ ಬಗ್ಗೆ ಮರ್ಯಾದೆ ಕೊಟ್ಟೇ ಮಾತಾಡುತ್ತೇವೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಗಾಡಿ ಮುಟ್ಟಲಿಲ್ಲ. "ಹಿಂದೆ ಅವರಿಲ್ದೆ ಮುಂದೆ ಕೂರೋಕೆ ಮನಸ್ಸಾಗಲ್ಲ" ಎಂದು ಅದರ ಮೇಲೆ ಹಳೆಯ ಕಿಟಕಿ ಪರದೆ ಹೊದಿಸಿದಳು. ಆಮೇಲೆ ಮಂಡಿ ಆಪರೇಷನ್ ಆಯಿತು. ಮಂಡಿ ಸರಿಹೋಯಿತು. ಮೆಟ್ಟಿಲು ಹತ್ತಿ, ಸೈಕಲ್ ತುಳಿಯಿರಿ ಎಂದರು ಡಾಕ್ಟರು. ಅಮ್ಮ ಎರಡನ್ನೂ ಮಾಡಿದಳು. ಪರದೆ ಮಾತ್ರ ತೆಗೆಯಲಿಲ್ಲ.

ಇದರ ಮಧ್ಯೆ ಬಂದವರು ಮಾವ, ಅಮ್ಮನ ತಮ್ಮ. ಮೋಟಾರ್ ಸೈಕಲ್ ಮಾರುವ ದೊಡ್ಡ ಅಂಗಡಿ ಅವರದು. ಹೊಸ ಶೋರೂಮ್ ಕಟ್ಟಿಸಿದಾಗ ಅದರ ಗೋಡೆಗೆ ದೊಡ್ಡಪ್ಪನನ್ನು ತೂಗುಹಾಕಬೇಕೆಂಬ ಆಸೆ ಅವರಿಗೆ ಹುಟ್ಟಿತು.

"ಅಕ್ಕಾ, ಇಲ್ಲಿ ಧೂಳು ತಿಂತಾ ಬಿದ್ದಿರೋ ಬದ್ಲು ಅಲ್ಲಿ ನಾಲ್ಕು ಜನ ನೋಡ್ತಾರೆ. ಸುತ್ತ ದೀಪ ಹಾಕಿಸ್ತೀನಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ದೊಡ್ಡಪ್ಪನ್ನ ಗೋಡೆಗೆ ಹಾಕ್ತೀರಾ ಮಾವ? ಹೋದವರ ಫೋಟೋನಾ ಅದು?"

"ಓಡದ ಗಾಡಿ ಎಲ್ಲಿದ್ರೇನು, ತಗೊಂಡು ಹೋಗ್ಲಿ ಬಿಡು" ಎಂದಳು ಅಮ್ಮ. ಹಾಗೆ ಹೇಳುವಾಗ ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅದೇ ನನಗೆ ಸಾಕಾಯಿತು.

"ಓಡಿದ್ರೆ? ಗುಡ್ಡದ ಮೇಲಿನ ರೇಡಿಯೋ ಗೋಪುರದ ತನಕ, ಇಬ್ಬರನ್ನ ಕೂರಿಸ್ಕೊಂಡು ಓಡಿದ್ರೆ?"

ಮಾವ ನಕ್ಕರು. "ಆಗ ನಾನು ಇನ್ನೊಂದ್ಸಲ ಬಾಯಿ ಬಿಡಲ್ಲ. ಚಳಿಗಾಲ ಮುಗಿಯೋವರೆಗೂ ಟೈಮ್ ತಗೊಳ್ಳಿ. ಆದ್ರೆ ನಾನು ವ್ಯಾನ್ ತಗೊಂಡು ಹಿಂದೇನೇ ಬರ್ತೀನಿ. ಎಲ್ಲಿ ನಿಲ್ಲತ್ತೋ ಅಲ್ಲಿಂದ ನೇರ ಶೋರೂಮಿಗೆ."

ಅಮ್ಮ "ಆಗ್ಲಿ" ಎಂದಳು. ದೊಡ್ಡಪ್ಪ ಮನೆಯಲ್ಲಿ ಉಳಿಯಬೇಕು ಎನ್ನುವುದು ನನ್ನ ಹಟದ ಅರ್ಧ ಭಾಗ ಮಾತ್ರ. ಅಮ್ಮ ಮತ್ತೆ ಮುಂದಿನ ಸೀಟಿನಲ್ಲಿ ಕೂರಬೇಕು ಎನ್ನುವುದು ಇನ್ನರ್ಧ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅವಳು ಅಂದೇ ಗಾಡಿಯನ್ನು ಸಾಗಹಾಕುತ್ತಿದ್ದಳು.

ಕೆಲಸಕ್ಕೆ ಇಳಿದ ನಮ್ಮಿಬ್ಬರ ಅರ್ಹತೆಯನ್ನೂ ಹೇಳಬೇಕು. ನಾನು ಸೋಫಾ, ಕುರ್ಚಿಗಳಿಗೆ ಹೊಸ ಹೊದಿಕೆ ಹೊಲಿಯುವವಳು. ತಂಗಿ ಹಲ್ಲಿನ ಡಾಕ್ಟರು. ಬೀದಿಯಲ್ಲಿ ಎಲ್ಲರೂ ಮುಸಿಮುಸಿ ನಕ್ಕರು. ನಗಲಿ. ಸೀಟಿನ ಹರಿದ ಚರ್ಮ ಕಿತ್ತು, ಒಳಗಿನ ಸ್ಪಂಜು ಬದಲಾಯಿಸಿ ನಾನು ಹಾಕಿದ ಹೊಲಿಗೆಯನ್ನು ಅಂಗಡಿಯವರು ಕೂಡ ಹಾಕಲಾರರು. ಕಾರ್ಬ್ಯುರೇಟರಿನ ಕೂದಲೆಳೆಯಂಥ ದಾರಿಗಳಲ್ಲಿ ಕಟ್ಟಿಕೊಂಡಿದ್ದ ಕೊಳೆಯನ್ನು ತಂಗಿ ತನ್ನ ಸಣ್ಣ ಕೊಕ್ಕೆಗಳಿಂದ ಕೆರೆದು ತೆಗೆದಳು. "ಬಾಯಿ ದೊಡ್ಡದಾಗಿ ತೆಗೀರಿ ದೊಡ್ಡಪ್ಪ" ಎನ್ನುತ್ತಿದ್ದಳು.

ಎಂಜಿನ್ ಮಾತ್ರ ನಮ್ಮನ್ನು ಅಳಿಸಿತು. ಎರಡೂ ಪಿಸ್ಟನ್‌ಗಳು ತುಕ್ಕಿಗೆ ಕಚ್ಚಿಕೊಂಡು ಅಲ್ಲಾಡಲೊಲ್ಲವು. ಎಣ್ಣೆ ಸುರಿದು ವಾರಗಟ್ಟಲೆ ನೆನೆಸಿದೆವು, ಬಿಸಿ ಮಾಡಿದೆವು, ಮರದ ತುಂಡಿಟ್ಟು ಮೆಲ್ಲಗೆ ಬಡಿದೆವು. ಒಂದು ಮಧ್ಯಾಹ್ನ ನಾನು ಸುತ್ತಿಗೆಯನ್ನು ಮೂಲೆಗೆ ಎಸೆದು ಕೈಚೆಲ್ಲಿ ಕೂತಾಗ, ಬಾಗಿಲ ಬಳಿ ಅಮ್ಮ ನಿಂತಿದ್ದಳು. ಅವಳು ಒಳಗೆ ಕಾಲಿಡುತ್ತಿರಲಿಲ್ಲ. ಕತ್ತರಿ ಬೇಕಿತ್ತು, ದಾರ ಬೇಕಿತ್ತು ಎಂದು ನೆವ ಹುಡುಕಿಕೊಂಡು ಹೊಸ್ತಿಲವರೆಗೆ ಬರುತ್ತಿದ್ದಳು.

"ಮೇಲಿಂದ ಬಡೀಬೇಡಿ. ಹಿಂದಿನ ಚಕ್ರ ತಿರುಗಿಸಿ, ಗೇರಲ್ಲಿಟ್ಟು" ಎಂದು ಹೇಳಿ, ದಾರ ತೆಗೆದುಕೊಳ್ಳುವುದನ್ನೂ ಮರೆತು ಹೋದಳು.

ಗೇರಿಗೆ ಹಾಕಿ ಚಕ್ರವನ್ನು ಇಬ್ಬರೂ ಜೀವ ಬಿಟ್ಟು ತಳ್ಳಿದೆವು. ಒಳಗೇನೋ 'ಕಟ್' ಎಂದಿತು. ಪಿಸ್ಟನ್‌ಗಳು ಜಾರಿದವು. ನಾನೂ ತಂಗಿಯೂ ಎಣ್ಣೆಗೈಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

ಟ್ಯಾಂಕಿಗೆ ಬಣ್ಣ ಹೊಡೆಸಲು ಕೊಟ್ಟಿದ್ದಾಗ, ಪೆಟ್ರೋಲ್ ತುಂಬಿದ ಬಾಟಲಿಯೊಂದನ್ನು ಮೇಲೆ ನೇತುಹಾಕಿ ಪೈಪ್ ಎಳೆದು ಮೊದಲ ಸಲ ಎಂಜಿನ್ ಶುರು ಮಾಡಿದೆವು. ದೊಡ್ಡಪ್ಪ ಕೆಮ್ಮಿದರು, ಹೊಗೆ ಉಗುಳಿದರು, ಆಮೇಲೆ ಗ್ಯಾರೇಜಿನ ತಗಡೆಲ್ಲ ನಡುಗುವಂತೆ ಗುಡುಗಿದರು. ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದು ಕಿವಿಗೊಟ್ಟಳು.

"ಎಡಗಡೆ ಪಿಸ್ಟನ್ ಒಂಚೂರು ಹಿಂದೆ ಬೀಳ್ತಿದೆ, ನೋಡಿ" ಎಂದು ತಟ್ಟನೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ನಂತರ ನಾನು ಹೋಗಿ ನೋಡಿದರೆ, ಹರಿಯುವ ನಲ್ಲಿಯ ಮುಂದೆ ಸುಮ್ಮನೆ ನಿಂತಿದ್ದಳು. ನಾನು ಮಾತಾಡಿಸದೆ ವಾಪಸ್ ಬಂದೆ. ಆ ದಿನ ನನಗಾದ ಹೆಮ್ಮೆಗೆ ಮನೆಯ ಬಾಗಿಲು ಸಾಲುತ್ತಿರಲಿಲ್ಲ.

ಉಳಿದದ್ದು ಹೊಳಪಿನ ಕೆಲಸ. ಅದು ತಂಗಿಯ ರಾಜ್ಯ. ಕ್ಲಿನಿಕ್ಕಿನಲ್ಲಿ ರೋಗಿಗಳು ಇಲ್ಲದಾಗ ಕನ್ನಡಿ, ಹಿಡಿಕೆ, ಟ್ಯಾಂಕಿನ ಮುಚ್ಚಳ ಎಲ್ಲವನ್ನೂ ದೊಡ್ಡ ದೀಪದ ಕೆಳಗಿಟ್ಟುಕೊಂಡು, ತುಕ್ಕು ತಿಂದ ಗುಳಿಗಳನ್ನು ಒಂದೊಂದಾಗಿ ಲೋಹದ ಅಂಟಿನಿಂದ ತುಂಬಿ, ಹಲ್ಲಿಗೆ ಹೊಳಪು ಕೊಡುವ ಬ್ರಷ್ಷಿನಿಂದ ಉಜ್ಜಿದಳು. ಟ್ಯಾಂಕ್ ಕೂರಿಸಿ ನಮ್ಮ ಬೀದಿಯಲ್ಲಿ ಒಂದು ಸುತ್ತು ಹೊಡೆದೆ. ನಕ್ಕಿದ್ದವರೆಲ್ಲ ಕಿಟಕಿಗೆ ಬಂದರು. ನಾನು ಕತ್ತು ಕೂಡ ತಿರುಗಿಸಲಿಲ್ಲ.

ಚಳಿಗಾಲ ಮುಗಿಯುತ್ತಿದ್ದ ಒಂದು ಭಾನುವಾರ ಬೆಳಿಗ್ಗೆ ಮಾವ ವ್ಯಾನ್ ತಂದರು. ನಾನು ಮುಂದೆ, ಅಮ್ಮ ಹಿಂದೆ. ತಂಗಿ ಮಾವನ ಪಕ್ಕ. "ನೀನೇ ಓಡ್ಸಮ್ಮ" ಎಂದು ಕೊನೆಯ ಸಲ ಕೇಳಿದ್ದಕ್ಕೆ "ನನ್ನ ಕಾಲ ಮುಗೀತು, ನಡಿ" ಎಂದಿದ್ದಳು.

ಊರು ದಾಟಿ ಗುಡ್ಡದ ರಸ್ತೆ ಹಿಡಿದೆವು. ಮೊದಲ ತಿರುವುಗಳು ಬೆಣ್ಣೆಯಂತೆ ಹೋದವು. ಆಮೇಲೆ ದೊಡ್ಡಪ್ಪ ಏದುಸಿರು ಬಿಡತೊಡಗಿದರು. ನಾನು ಆಕ್ಸಿಲರೇಟರ್ ತಿರುಗಿಸಿದಷ್ಟೂ ಸೊರಗಿದರು, ನಿಂತೇಬಿಟ್ಟರು.

ಅಮ್ಮ ಇಳಿದು ಟ್ಯಾಂಕಿನ ಮುಚ್ಚಳ ತೆರೆದು ಇಣುಕಿದಳು. "ಪೆಟ್ರೋಲ್ ಬೇಕಾದಷ್ಟಿದೆ" ಎಂದು ಮುಚ್ಚಿದಳು. ನಾನು ಕಿಕ್ ಹೊಡೆದೆ. ಏನೂ ಆಗಿಲ್ಲವೆಂಬಂತೆ ಶುರುವಾಯಿತು.

"ಒಂದ್ಸಲ ಕೆಮ್ಮಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ, ಹೋಗಿ" ಎಂದರು ಮಾವ, ದೊಡ್ಡ ಮನಸ್ಸು ಮಾಡಿ.

ಸ್ವಲ್ಪ ದೂರಕ್ಕೆ ಮತ್ತೆ ಅದೇ ಕತೆ. ಅಮ್ಮ ಇಳಿದಳು, ಮುಚ್ಚಳ ತೆರೆದು ನೋಡಿದಳು, ಮುಚ್ಚಿದಳು, ಗಾಡಿ ಶುರುವಾಯಿತು. "ಅಕ್ಕನ ಮುಖ ನೋಡದೆ ಅದು ಹೊರಡಲ್ಲ ಅನ್ನತ್ತಲ್ಲಾ" ಎಂದು ಮಾವ ತಮಾಷೆ ಮಾಡಿದರು. ನಾನು ಹಲ್ಲು ಕಚ್ಚಿಕೊಂಡು ಗೇರು ಹಾಕಿದೆ.

ಗೋಪುರ ಕಾಣಿಸತೊಡಗಿದ ಕಡೆ ಮತ್ತೊಮ್ಮೆ ನಿಂತಿತು. ಈ ಸಲ ಮಾವ ನಗಲಿಲ್ಲ. ವ್ಯಾನಿನ ಹಿಂದಿನ ಬಾಗಿಲು ತೆರೆದು, ಗಾಡಿ ಹತ್ತಿಸುವ ಹಲಗೆಯನ್ನು ನೆಲಕ್ಕೆ ಇಳಿಬಿಟ್ಟರು.

"ಸಾಕು ಬಿಡು ಮಗಳೇ. ನೀವು ಮಾಡಿರೋದು ಸಣ್ಣ ಕೆಲಸ ಅಲ್ಲ. ಆದ್ರೆ ಮಾತು ಮಾತೇ."

ಅವರು ಪ್ರೀತಿಯಿಂದ ಹೇಳಿದ್ದರಿಂದ ನನಗೆ ಇನ್ನೂ ಕೋಪ ಬಂತು, ಅಳುವೂ ಬಂತು. ಅಮ್ಮ ಕೊನೆಗೊಮ್ಮೆ ಎಂಬಂತೆ ಮುಚ್ಚಳ ತಿರುಗಿಸಿದಳು. ಈ ಸಲ ನಾನು ಹೆಲ್ಮೆಟ್ ತೆಗೆದು ಪಕ್ಕದಲ್ಲೇ ನಿಂತಿದ್ದೆ. 'ಸುಯ್ಯ್' ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ಕೇಳಿಸಿತು.

ಆ ಸದ್ದು ನನಗೆ ಗೊತ್ತು. ಕುಶನ್ನಿನ ಅಡಿಯಲ್ಲಿ ಗಾಳಿಗೆ ತೂತು ಬಿಡದೆ ಬಿಗಿಯಾಗಿ ಹೊಲಿದು, ಆಮೇಲೆ ಮೂಲೆಯ ಹೊಲಿಗೆ ಬಿಚ್ಚಿದರೆ ಹೀಗೆಯೇ ಉಸಿರೆಳೆಯುತ್ತದೆ.

"ಅಮ್ಮಾ, ಈ ಮುಚ್ಚಳದಲ್ಲಿ ತೂತು ಇರತ್ತಾ?"

"ಇರದೆ? ನಡುಮಧ್ಯೆ ಒಂದು ಸಣ್ಣದು. ಮೇಲಿಂದ ಗಾಳಿ ಹೋಗ್ದೆ ಇದ್ರೆ ಕೆಳಗೆ ಪೆಟ್ರೋಲ್ ಹೇಗೆ ಇಳಿಯತ್ತೆ?"

ಮೂವರೂ ಮುಚ್ಚಳ ನೋಡಿದೆವು. ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ಒಂದು ಚುಕ್ಕೆಯೂ ಇರಲಿಲ್ಲ. ವ್ಯಾನಿನಿಂದ ಇಳಿದು ಬಂದ ತಂಗಿಯ ಮುಖ ಕೆಂಪಾಯಿತು.

"ಅದು ತೂತಾ?" ಎಂದಳು. "ನಾನು ಹುಳುಕು ಅಂದ್ಕೊಂಡೆ!"

ಅಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬಂದು, ಟ್ಯಾಂಕಿಗೆ ಒರಗಿ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನು ತಲೆಗೂದಲಿನ ಪಿನ್ ತೆಗೆದು ಆ ಜಾಗವನ್ನು ಕೆರೆದೆ. ಪಿನ್ ಬಾಗಿತು, ಅಂಟು ಕದಲಲಿಲ್ಲ.

"ಅದು ನನ್ನ ಫಿಲ್ಲಿಂಗ್ ಕಣೇ" ಎಂದಳು ತಂಗಿ, ಆ ಹೊತ್ತಿನಲ್ಲೂ ಎದೆಯುಬ್ಬಿಸಿ. "ಪಿನ್ನಿಗೆಲ್ಲ ಬರಲ್ಲ."

ಮಾವ ವ್ಯಾನಿನಲ್ಲಿ ಹುಡುಕಿದರು. ಗಾಡಿ ಕಟ್ಟುವ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು, ತನ್ನ ಕರವಸ್ತ್ರವನ್ನು ಟ್ಯಾಂಕಿನ ಬಾಯಿಗೆ ಸುತ್ತಿ, ಮುಚ್ಚಳವನ್ನು ಅರ್ಧಕ್ಕೆ ಮಾತ್ರ ತಿರುಗಿಸಿದಳು.

"ಸಡಿಲ ಇದ್ರೆ ಗಾಳಿ ಹೋಗತ್ತೆ. ಆದ್ರೆ ತಿರುವಲ್ಲಿ ಜೋರಾಗಿ ಬ್ರೇಕ್ ಹಾಕಿದ್ರೆ, ಗಕ್ಕನೆ ಎಳೆದ್ರೆ ಪೆಟ್ರೋಲ್ ತುಳುಕಿ ಬಿಸಿ ಎಂಜಿನ್ ಮೇಲೆ ಬೀಳತ್ತೆ. ಹನಿ ಚೆಲ್ಲದ ಹಾಗೆ ಓಡಿಸ್ಬೇಕು." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಕೋಪ ಎಲ್ಲ ಕೈಯಲ್ಲೇ ಇದೆ. ನಿನಗಾಗಲ್ಲ."

ಮಾವ ಇಳಿಬಿಟ್ಟ ಹಲಗೆಯ ಪಕ್ಕದಲ್ಲಿ ನಿಂತೇ ಇದ್ದರು. ಅಮ್ಮ ಗೋಪುರವನ್ನು ನೋಡಿದಳು, ಹಲಗೆಯನ್ನು ನೋಡಿದಳು.

"ಕಿಕ್ ಹೊಡಿ. ಹಿಂದೆ ಕೂತ್ಕೋ" ಎಂದಳು.

ನಾನು ಕಿಕ್ ಹೊಡೆದೆ. ಅಮ್ಮ ಕಾಲೆತ್ತಿ ದಾಟಿಸಿ ಮುಂದೆ ಕೂತಳು. ಮಂಡಿ ಒಂದು ಕ್ಷಣವೂ ತಕರಾರು ಮಾಡಲಿಲ್ಲ. ಕ್ಲಚ್ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ, ರಸ್ತೆ ತಾನೇ ಹಿಂದಕ್ಕೆ ಸರಿಯತೊಡಗಿತು. ನಾನು ಅದೇ ಗಾಡಿಯನ್ನು ಕುಲುಕಿ, ಜಗ್ಗಿ ಹತ್ತಿಸಿದ್ದೆ. ಅವಳು ತಿರುವು ಬರುವ ಮೊದಲೇ ವೇಗ ಇಳಿಸಿ, ಭುಜವನ್ನು ಒಂದಿಷ್ಟು ಬಾಗಿಸಿ, ಅಷ್ಟೇ ಮೆತ್ತಗೆ ಎತ್ತಿಕೊಳ್ಳುತ್ತಿದ್ದಳು. ನಾನು ಅವಳ ಸೊಂಟ ಹಿಡಿದು ಕರವಸ್ತ್ರವನ್ನೇ ನೋಡುತ್ತಿದ್ದೆ. ಅದು ಒಣಗಿದ್ದು ಒಣಗಿದಂತೆಯೇ ಇತ್ತು. ಇವಳು ನನ್ನಮ್ಮ ಎಂದು ಕೂಗಬೇಕೆನಿಸಿತು. ಎದುರಿಗೆ ಬರುತ್ತಿದ್ದ ಕಾರಿನವರಿಗೆ ಕೂಗಿಯೂ ಬಿಟ್ಟೆ. "ಬಾಯಿ ಮುಚ್ಚೇ, ಅಲ್ಲಾಡ್ಬೇಡ" ಎಂದಳು ಅಮ್ಮ.

ಗೋಪುರದ ಕೆಳಗಿನ ಬಯಲಿನಲ್ಲಿ ಗಾಡಿ ನಿಂತದ್ದೇ ಜನ ಸೇರಿದರು. ಹೆಲ್ಮೆಟ್ ತೆಗೆದ ಅಮ್ಮನ ಬಿಳಿ ಕೂದಲು ನೋಡಿ ಇನ್ನಷ್ಟು ಹತ್ತಿರ ಬಂದರು. ನಾನು ಸೀಟಿನ ಹೊಲಿಗೆಯ ಬಗ್ಗೆ ಭಾಷಣ ಶುರು ಮಾಡುವಷ್ಟರಲ್ಲಿ ವ್ಯಾನಿನಿಂದ ಇಳಿದ ಮಾವ ಎಲ್ಲರನ್ನೂ ಸರಿಸಿಕೊಂಡು ಒಳಗೆ ಬಂದರು.

"ನಮ್ಮಕ್ಕ!" ಎಂದರು ಅಪರಿಚಿತರಿಗೆಲ್ಲ. "ಅವಳೇ ಓಡಿಸ್ಕೊಂಡು ಬಂದಿದ್ದು. ಗಾಡಿ ರೆಡಿ ಮಾಡಿದ್ದು ಅವಳ ಮಕ್ಕಳು!" ಆಮೇಲೆ ಚಿಕ್ಕ ಹುಡುಗನಂತೆ ಅಮ್ಮನ ಹತ್ತಿರ ಹೋಗಿ, "ಅಕ್ಕಾ, ಇಳಿಯೋವಾಗ ನಾನು ಹಿಂದೆ ಕೂತ್ಕೊಳ್ಲಾ?" ಎಂದು ಕೇಳಿದರು.

"ಕೂತ್ಕೋ. ಹೊಟ್ಟೆ ಒಳಗೆ ಎಳ್ಕೊ" ಎಂದಳು ಅಮ್ಮ.

ಹಾಗಾಗಿ ಖಾಲಿ ವ್ಯಾನ್ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ತಂಗಿಯೂ ಅವರ ಹಿಂದೆಯೇ ಗುಡ್ಡ ಇಳಿದೆವು. ಬುಡದಲ್ಲಿ ರಸ್ತೆ ಕವಲೊಡೆಯುತ್ತದೆ; ಎಡಕ್ಕೆ ನಮ್ಮ ಮನೆ, ನೇರ ಹೋದರೆ ದೂರದ ಊರುಗಳ ಹೆದ್ದಾರಿ. ಅಮ್ಮ ಎಡಕ್ಕೆ ತಿರುಗಲಿಲ್ಲ. ಹಿಂದೆ ಕೂತ ಮಾವ ಗಾಬರಿಯಿಂದ ನಮ್ಮತ್ತ ಕೈ ಬೀಸಿದರು.

"ಎಲ್ಲಿಗೆ ಹೋಗ್ತಿದಾಳೆ?" ಎಂದಳು ತಂಗಿ.

"ಯಾರಿಗೆ ಗೊತ್ತು?" ಎಂದು ನಾನೂ ವ್ಯಾನನ್ನು ನೇರಕ್ಕೆ ಬಿಟ್ಟೆ.