ಮೂರನೇ ಇಂಜೆಕ್ಟರಿನ ವೈರ್

ಮೋರಖಂಡಿಯ ಮನಿಷಾ ತನ್ನ ಹಳೆಯ ಕಾರಿನ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಕೆಟ್ಟಿದ್ದ ಎರಡನೆಯದನ್ನು ಮನೆಯಂಗಳದಲ್ಲಿ ತಾನೇ ಬದಲಾಯಿಸಿದಳು. ಕೈ ತೊಳೆದು ಬಂದು ಚಾಲೂ ಮಾಡಿದರೆ ಇಂಜಿನ್ ಮೊದಲಿನಂತೆಯೇ ಗಡಗಡ ನಡುಗಿತು. ಅವಳ ಜೊತೆ ಬಸವಕಲ್ಯಾಣಕ್ಕೆ ಹೋಗಲು ಕಟ್ಟೆಯ ಮೇಲೆ ಕಾದು ಕೂತಿದ್ದ ಅಣ್ಣ ಓಂಪ್ರಕಾಶ ನಕ್ಕ.

"ಕುರಿ ಕಾಯೋರ ಮಗಳು ಮಿಸ್ತ್ರಿ ಆಗಾಕ ಹೊಂಟಾಳ! ಈಗ ಹುಮನಾಬಾದ ಗ್ಯಾರೇಜ್ ತನಕ ಎಳಕೊಂಡು ಹೋಗು."

ಮನಿಷಾಳ ಮೈ ಉರಿಯಿತು. ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರಿನ ವೈರ್ ತೆಗೆದು, ಮತ್ತೆ ಹಾಕಿ ನೋಡಿದಳು; ಸರಿಯಿರುವ ಇಂಜೆಕ್ಟರಿನ ವೈರ್ ತೆಗೆದರೆ ನಡುಕ ಹೆಚ್ಚಬೇಕು. ಒಂದನೆಯದನ್ನು ತೆಗೆದಾಗ ನಡುಕ ಹೆಚ್ಚಿತು. ಹೊಸದಾಗಿ ಕೂರಿಸಿದ ಎರಡನೆಯದಕ್ಕೂ ಹಾಗೆಯೇ ಆಯಿತು. ಮೂರನೆಯದು ಬೆರಳು ತಾಗಿದ ಕೂಡಲೇ ಕಳಚಿ ಬಂತು. ನಡುಕ ಚೂರೂ ಬದಲಾಗಲಿಲ್ಲ.

"ಇದನ್ನ ನಾ ಮುಟ್ಟೇ ಇಲ್ಲ. ನಾ ಕೈ ತೊಳಿಯಾಕ ಹೋದಾಗ ನೀ ಏನ್ ಮಾಡ್ದಿ ಅಣ್ಣಾ?"

"ಬಿಗಿ ಅದನೋ ಇಲ್ಲೋ ಅಂತ ಜರಾ ಎಳದು ನೋಡ್ದೆ," ಎಂದ ಅವನು ನೆಲ ನೋಡುತ್ತ.

"ನನ್ನ ಕೆಲಸದ ಮ್ಯಾಲ ಭರೋಸಾ ಇಲ್ಲಂದ್ರ ಕೇಳಬೇಕಿತ್ತು. ನೀನೇ ಕೆಡಿಸಿ ನೀನೇ ನಗಾಕತ್ತೀ? ಶರಮ್ ಆಗಲ್ಲೇನು ನಿನಗ?"

ಟಕ್ಕೆನ್ನುವವರೆಗೆ ಅವಳು ವೈರನ್ನು ಒತ್ತಿದಳು. ಇಂಜಿನ್ ಸಮನಾಗಿ ಓಡತೊಡಗಿತು. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಓಂಪ್ರಕಾಶ ಚಪ್ಪಲಿ ಮೆಟ್ಟಿಕೊಂಡು ಕಾರಿನತ್ತ ಬಂದ. ಅವನು ಬಾಗಿಲಿಗೆ ಕೈ ಹಾಕುವ ಮೊದಲೇ ಮನಿಷಾ ಬಾನೆಟ್ ಮುಚ್ಚಿ, ಒಳಗೆ ಕೂತು ಲಾಕ್ ಮಾಡಿ, ಒಬ್ಬಳೇ ಬಸವಕಲ್ಯಾಣಕ್ಕೆ ಹೊರಟಳು.