ಫೋನ್ ಎತ್ತಬೇಡ

ಶೇಕಡಾ ತೊಂಬತ್ತೊಂದಕ್ಕೆ ಬಂದ ಡೌನ್‌ಲೋಡ್ ಗೆರೆ ಅಲ್ಲೇ ಕಾಲು ಚಾಚಿ ಕೂತುಬಿಟ್ಟಿತು. ಲ್ಯಾಪ್‌ಟಾಪಿನ ಮುಂದೆ ಅಕ್ಕ ಉಸಿರು ಬಿಗಿಹಿಡಿದಳು. ನೆಟ್ ಬರುತ್ತಿದ್ದದ್ದು ಪಕ್ಕದಲ್ಲಿ ಮಲಗಿದ್ದ ಅವಳ ಹಳೇ ಫೋನಿನಿಂದ, ಆ ಫೋನಿಗೋ ಎರಡು ಕೆಲಸ ಒಟ್ಟಿಗೆ ಬಾರದು. ಯಾರಾದರೂ ಕರೆ ಮಾಡಿದರೆ ನೆಟ್ ನಿಲ್ಲುತ್ತಿತ್ತು. ಕರೆ ಎತ್ತಿದರಂತೂ ಇಳಿಯುತ್ತಿದ್ದದ್ದು ಕಡಿದೇ ಹೋಗುತ್ತಿತ್ತು. ಅದಕ್ಕೇ ಬೆಳಿಗ್ಗೆಯೇ ಎಲ್ಲರಿಗೂ, ಇವತ್ತು ಯಾರೂ ಫೋನ್ ಮಾಡಬೇಡಿ ಎಂದು ಹೇಳಿಟ್ಟಿದ್ದಳು. ಚಿಕ್ಕಮ್ಮ ಮಾತ್ರ, ಯಾಕೆ ಮಾಡಬಾರದು ಎಂದು ಕೇಳುವುದಕ್ಕೆ ಮತ್ತೆ ಫೋನ್ ಮಾಡಿದ್ದಳು.

ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಕಸೂತಿ ಅಂಗಡಿ. ಅಲ್ಲಿನ ಕಸೂತಿ ಯಂತ್ರ ಅಮ್ಮನ ಕಾಲದ್ದು, ಅದಕ್ಕೆ ಚಿತ್ತಾರ ಕಳಿಸುವ ಕಂಪ್ಯೂಟರೂ ಅದೇ ಕಾಲದ್ದು. ಅತ್ತೆ ಸೊಸೆಯರ ಹಾಗೆ ದಿನಾ ಗೊಣಗಾಡಿದರೂ ಒಂದನ್ನು ಬಿಟ್ಟು ಇನ್ನೊಂದು ಇರುತ್ತಿರಲಿಲ್ಲ. ಬೇರೆ ಯಾವ ಕಂಪ್ಯೂಟರು ಹೇಳಿದರೂ ಯಂತ್ರ ಸೂಜಿ ಎತ್ತದು. ಆ ಕಂಪ್ಯೂಟರು ಮೊನ್ನೆ ಕಪ್ಪು ಪರದೆಯಲ್ಲಿ ಒಂದು ಬಿಳಿ ಗೀಟು ಮಿನುಗಿಸಿ ಸುಮ್ಮನಾಯಿತು. ಶಾಲೆಯ ಆಟಗಾರರ ಅಂಗಿಗಳ ರಾಶಿ ಮೂಲೆಯಲ್ಲಿತ್ತು. ನಾಳೆ ಲಾಂಛನ ಹೊಲಿದುಕೊಡದಿದ್ದರೆ ಕೆಲಸ ಹೊಳೆಯಾಚೆಯ ದೊಡ್ಡ ಕಾರ್ಖಾನೆಯ ಪಾಲಾಗುತ್ತಿತ್ತು. ತಮ್ಮ ಗುಬ್ಬಿ ಈಗ ಕೆಲಸ ಮಾಡುತ್ತಿದ್ದದ್ದೂ ಅಲ್ಲೇ.

ಲ್ಯಾಪ್‌ಟಾಪ್ ಎರವಲು ಕೊಟ್ಟ ಮೊಬೈಲ್ ಅಂಗಡಿಯವನು ಹೇಳಿದ್ದು ಇಷ್ಟು: ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹೋಗಿದೆ, ಹಳೆಯದನ್ನೇ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಎಬ್ಬಿಸಬೇಕು. ಅಕ್ಕ ನಿನ್ನೆ ಇಳಿಸಿದಳು, ಹಾಕಿದಳು, ಚುಚ್ಚಿದಳು. ಕಂಪ್ಯೂಟರು ಮಿಸುಕಲಿಲ್ಲ. ಇಳಿಸುವಾಗಲೇ ಫೈಲು ಕೆಟ್ಟಿರಬೇಕೆಂದುಕೊಂಡು ಇವತ್ತು ಮತ್ತೆ ಮೊದಲಿಂದ ಹಿಡಿದಿದ್ದಳು.

ಗೆರೆ ನೋಡುತ್ತ ಕೂತವಳಿಗೆ ನಗು ಬಂತು. ಕಾಯುವುದು ಅವಳಿಗೇನು ಹೊಸದೇ? ಮನೆಗೆ ಮೊದಲ ಸಲ ಇಂಟರ್ನೆಟ್ ಬಂದಾಗ ಅದು ಟೆಲಿಫೋನ್ ತಂತಿಯಲ್ಲೇ ಬರುತ್ತಿತ್ತು. ಅಮ್ಮನ ಕಸೂತಿಗೆಂದು ಒಂದು ಬಾತುಕೋಳಿ ಇಳಿಸಲು ಅಕ್ಕ ತಮ್ಮ ಇಬ್ಬರೂ ಇಡೀ ಮಧ್ಯಾಹ್ನ ಕಾವಲು ಕೂರುತ್ತಿದ್ದರು. ಕೊಕ್ಕು ಬರುತ್ತಿತ್ತು, ಕುತ್ತಿಗೆ ಬರುತ್ತಿತ್ತು. ಅಷ್ಟರಲ್ಲಿ ಅಮ್ಮನಿಗೆ ತಂಗಿಯ ನೆನಪಾಗುತ್ತಿತ್ತು. "ಅಮ್ಮಾ, ಫೋನ್ ಎತ್ತಬೇಡ!" ಎಂದು ಇಬ್ಬರೂ ಕಿರುಚುವ ಹೊತ್ತಿಗೆ ಅವಳು ಎತ್ತಿಯೇ ಬಿಟ್ಟಿರುತ್ತಿದ್ದಳು, ಬಾತುಕೋಳಿ ಕಾಲಿಲ್ಲದೆ ಉಳಿಯುತ್ತಿತ್ತು. ಕೊನೆಗೆ ಗುಬ್ಬಿ ಟೆಲಿಫೋನನ್ನು ಟವೆಲಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟ. ಅಮ್ಮ ಸ್ಟೂಲು ಹತ್ತಿ ಮಾತಾಡಿದಳು.

ಅಮ್ಮ ಹೋದ ಮೇಲೆ, ಯಂತ್ರ ಮಾರಿ ಹೊಸದು ತರೋಣ ಎಂದ ಗುಬ್ಬಿ. ಅದು ಅಮ್ಮ ಕೂತ ಯಂತ್ರ ಎಂದಳು ಅಕ್ಕ. ಮಾತಿಗೆ ಮಾತು ಬೆಳೆದು, "ಇದು ಹೋಗೋದಾದ್ರೆ ನೀನೂ ಹೋಗು" ಎಂದುಬಿಟ್ಟಳು. ಯಂತ್ರ ಉಳಿಯಿತು, ತಮ್ಮ ಹೋದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವಳಿಗೆ ಗೊತ್ತಿರದೇನಲ್ಲ. ಆದರೂ ಫೋನ್ ಮಾಡಿರಲಿಲ್ಲ.

ಗೆರೆ ತೊಂಬತ್ತಾರಕ್ಕೆ ಬಂತು. ಆಗ ಫೋನು ನಡುಗಿತು.

ಚಿಕ್ಕಮ್ಮನೇ ಇರಬೇಕು ಎಂದು ಕತ್ತರಿಸಲು ಬೆರಳು ಚಾಚಿದಳು. ಪರದೆಯ ಮೇಲೆ ಗುಬ್ಬಿಯ ಹೆಸರಿತ್ತು. ಗೆರೆ ನಿಂತಿತ್ತು. ಈಗ ಕತ್ತರಿಸಿದರೆ ಮುಂದೆ ಸಾಗಬಹುದು. ಅಂಗಿಗಳ ರಾಶಿ ನೋಡಿದಳು. ಕತ್ತರಿಸಿದರೆ ಅವನು ಇನ್ನೊಮ್ಮೆ ಮಾಡುತ್ತಾನೆಯೇ? ಫೋನು ಇನ್ನೊಮ್ಮೆ ನಡುಗಿತು. ಅಕ್ಕ ಎತ್ತಿದಳು.

"ಅಕ್ಕಾ," ಎಂದಿತು ಆ ಕಡೆಯ ದನಿ. "ಯಂತ್ರ ಮಲಗಿದ್ಯಂತೆ. ಚಿಕ್ಕಮ್ಮ ಹೇಳಿದ್ಲು."

"ಹೂಂ. ಇಳಿಸ್ತಾ ಇದ್ದೆ. ನಿನ್ನ ಫೋನ್ ಬಂತು, ಕಡಿದುಹೋಯ್ತು."

"ಅಯ್ಯೋ! ಎಷ್ಟಾಗಿತ್ತು?"

"ತೊಂಬತ್ತಾರು."

"ಮತ್ಯಾಕೆ ಎತ್ತಿದೆ?"

"ನೀನು ಮಾಡಿದ್ಯಲ್ಲ, ಅದಕ್ಕೆ."

"ಅಮ್ಮನ ಕೆಲಸ ನಾನು ಮಾಡಿದೆ ನೋಡು," ಎಂದ. ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಆಯಿತು.

"ನಿನ್ನೆಯೂ ಇಳಿಸಿದ್ದೆ ಕಣೋ. ಎದ್ದೇಳಲಿಲ್ಲ."

"ಪೆನ್ ಡ್ರೈವ್‌ಗೆ ಹೇಗೆ ಹಾಕಿದೆ?"

"ಹೇಗೆ ಅಂದ್ರೆ? ಹಾಡು ಹಾಕೋ ಹಾಗೆ. ಎಳೆದು ಬಿಟ್ಟೆ."

ಗುಬ್ಬಿ ಬಿದ್ದು ಬಿದ್ದು ನಕ್ಕ. "ಬೀಜಾನ ಡಬ್ಬೀಲಿಟ್ರೆ ಗಿಡ ಬರುತ್ತಾ? ಬಿತ್ತಬೇಕು. ಫೈಲನ್ನ ಪೆನ್ ಡ್ರೈವ್ ಮೇಲೆ ಬರೆಯೋಕೆ ಬೇರೆ ಪ್ರೋಗ್ರಾಮೇ ಇದೆ."

"ಹಾಗಾದ್ರೆ ನಿನ್ನೆದು ಚೆನ್ನಾಗೇ ಇತ್ತಾ?"

"ಇರುತ್ತೆ. ಇವತ್ತು ಸುಮ್ನೆ ಕಾದಿದ್ದೀಯ."

"ಈಗೇನ್ ಮಾಡ್ಲಿ?"

"ಏನೂ ಮಾಡ್ಬೇಡ. ನನ್ನ ಹತ್ರ ಒಂದು ಪೆನ್ ಡ್ರೈವ್ ಇದೆ. ಆ ಕಂಪ್ಯೂಟರ್‌ಗೇ ಅಂತ ಮಾಡಿದ್ದು." ಅವನ ದನಿ ತಗ್ಗಿತು. "ಮನೆ ಬಿಡೋ ಹಿಂದಿನ ದಿನ ಮಾಡ್ಕೊಂಡೆ. ನೀನು ಹೊಸದು ತಗೊಳ್ಳಲ್ಲ ಅಂತ ಗೊತ್ತಿತ್ತು. ಅದು ಒಂದು ದಿನ ಮಲಗೇ ಮಲಗುತ್ತೆ ಅಂತಾನೂ ಗೊತ್ತಿತ್ತು."

ಇಷ್ಟು ದಿನವೂ ಅದನ್ನು ಇಟ್ಟುಕೊಂಡಿದ್ದಾನೆ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ತಗೊಂಡು ಬರ್ಲಾ?" ಎಂದು ಕೇಳಿದ.

"ಕೇಳ್ತೀಯಲ್ಲೋ."

"ಸರಿ, ಫೋನ್ ಇಡ್ತೀನಿ. ಸ್ಟಾಪಲ್ಲೇ ಇದ್ದೀನಿ, ಬಸ್ ಬಂತು."

"ಇಡಬೇಡ," ಎಂದಳು ಅಕ್ಕ, ಹಿಂದೆ ಕಿರುಚುತ್ತಿದ್ದಷ್ಟೇ ಜೋರಾಗಿ. "ಮಾತಾಡ್ತಾ ಬಾ."

ಅವನು ಮಾತಾಡುತ್ತ ಬಂದ. ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿಸಿತು, ಸೇತುವೆಯ ಮೇಲೆ ಗಾಳಿಯಷ್ಟೇ ಕೇಳಿಸಿತು. ಅಕ್ಕ ಒಂದು ಕೈಯಲ್ಲಿ ಫೋನು ಹಿಡಿದೇ ಲ್ಯಾಪ್‌ಟಾಪ್ ಮುಚ್ಚಿದಳು, ಯಂತ್ರದ ಮುಸುಕು ತೆಗೆದಳು, ಸೂಜಿಯ ಕಣ್ಣಿಗೆ ಹಳದಿ ದಾರ ಪೋಣಿಸಲು ಹೆಣಗಿದಳು.

ಫೋನಿನಲ್ಲಿ ಗೇಟು ಕಿರ್ರೆಂದಿತು. ಅದೇ ಗಳಿಗೆಗೆ ಅಂಗಳದಲ್ಲೂ.